ಹೆಸರಿನ ಮೇಲೆ ಗೆರೆ: ಫ್ಯಾನ್‌ಗಳು ಯಾಕೆ ಗುಂಪುಗುಂಪಾಗಿ ಜಾಗ ಬಿಟ್ಟು ಹೋಗ್ತಾರೆ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸ್ಕೊಂಡು ಮನೆಗೆ ಬಂದ್ರೆ ಅಕ್ಕನ ಮಗಳು ಜಗಲಿ ಮೇಲೆ ಫೋನ್ ಹಿಡ್ಕೊಂಡು ಕೂತಿದ್ಲು, ಅತ್ತು ಅತ್ತು ಮುಖ ಊದ್ಕೊಂಡಿತ್ತು. "ಚಿಕ್ಕಮ್ಮಾ, ನನ್ನ ಕತೆ ಹೋಯ್ತು" ಅಂದ್ಲು. ಅವಳು ಡಿಗ್ರಿ ಎರಡನೇ ವರ್ಷ ಇಲ್ಲೇ ತುಮಕೂರಲ್ಲಿ ಓದ್ತಾ ಇದ್ದಾಳೆ, ಒಂದು ಸೀರಿಯಲ್‌ನಲ್ಲಿ ಅರ್ಧಕ್ಕೇ ಮರೆತುಬಿಟ್ಟ ತಂಗಿ ಪಾತ್ರ ಒಂದಿತ್ತು, ಆ ಹುಡುಗಿಗೆ ಮುಂದೆ ಏನಾಯ್ತು ಅಂತ ಎಂಟು ತಿಂಗಳಿಂದ ಒಂದು ಕತೆ ಆ್ಯಪ್‌ನಲ್ಲಿ ಬರೀತಾ ಇದ್ಲು. 41 ಅಧ್ಯಾಯ ಆಗಿತ್ತು. ಹದಿನೈದು ವರ್ಷಕ್ಕೇ ಮದುವೆ ಮಾಡಿ ಕಳಿಸಿದ ಹುಡುಗಿ ಅಲ್ಲಿಂದ ಹೊರಗೆ ಬಂದು ಮತ್ತೆ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟೋ ಕತೆ.

ಫೋನ್ ಇಸ್ಕೊಂಡು ನೋಡಿದೆ. ಬೂದು ಬಣ್ಣದ ಖಾಲಿ ಪುಟ, ಮಧ್ಯದಲ್ಲಿ ಒಂದೇ ಸಾಲು, ಈ ಬರಹ ನಮ್ಮ ನಿಯಮಗಳಿಗೆ ಹೊಂದುವುದಿಲ್ಲ. ಯಾವ ನಿಯಮ, ಯಾವ ಅಧ್ಯಾಯ, ಯಾವ ಮಾತು, ಏನೂ ಇಲ್ಲ. ನೇರವಾಗಿ ಆ್ಯಪ್‌ನಲ್ಲೇ ಟೈಪ್ ಮಾಡ್ತಿದ್ಲು ಹಾಗಾಗಿ ಬೇರೆ ಕಡೆ ಕಾಪಿನೂ ಇಲ್ಲ. ಆದ್ರೆ ಅವಳು ಅತ್ತಿದ್ದು ಅಧ್ಯಾಯಗಳಿಗಿಂತ ಕಾಮೆಂಟ್‌ಗಳಿಗೆ. ಗುಬ್ಬಿ ಕಡೆಯ ಒಬ್ಬ ಟೀಚರ್ ಪ್ರತಿ ಅಧ್ಯಾಯಕ್ಕೂ ಉದ್ದುದ್ದ ಬರೀತಿದ್ರಂತೆ, ನಮ್ಮ ಸ್ಕೂಲಲ್ಲೂ ಇಂಥವಳೊಬ್ಬಳು ಇದ್ಲು ಅಂತ ಒಂದ್ಸಲ ಬರೆದಿದ್ರಂತೆ. ಅವರ ನಿಜವಾದ ಹೆಸರು ಇವಳಿಗೆ ಗೊತ್ತಿಲ್ಲ, ನಂಬರ್ ಇಲ್ಲ, ಆ ಪುಟ ಹೋದ್ರೆ ಅವರೂ ಹೋದಂಗೇ.

ಅವತ್ತು ಇಡ್ಲಿ ತಣ್ಣಗಾಗೋವರೆಗೂ ಅವಳಿಗೆ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದ್ರೆ ಇದು ಅವಳೊಬ್ಬಳಿಗೆ ಆಗಿದ್ದಲ್ಲ, ಇದೇ ಥರದ ಜಗಳಗಳಿಂದ ಜಗತ್ತಲ್ಲಿ ದೊಡ್ಡ ದೊಡ್ಡ ಗುಂಪುಗಳು ಇದ್ದ ಜಾಗ ಬಿಟ್ಟು ಎದ್ದು ಹೋಗಿವೆ, ಹೊಸ ಜಾಗ ಕಟ್ಟಿವೆ, ಆ ಕತೆ ಗೊತ್ತಿದ್ರೆ ನಮಗೇನಾಗ್ತಿದೆ ಅನ್ನೋದು ಅರ್ಥ ಆಗುತ್ತೆ.

ಮೊದಲು ಒಂದು ಮಾತು. ಫ್ಯಾನ್ ಅಂದ್ರೆ ಕಟೌಟ್‌ಗೆ ಹಾಲು ಸುರಿಯೋರು ಅಂತಷ್ಟೇ ಅಂದ್ಕೋಬೇಡಿ. ಇಲ್ಲಿ ಹೇಳ್ತಿರೋರು ತಮಗಿಷ್ಟವಾದ ಕತೆಯ ಪಾತ್ರಗಳನ್ನ ತಗೊಂಡು ಹೊಸ ಕತೆ ಬರೆಯೋರು, ಚಿತ್ರ ಬಿಡಿಸೋರು, ರಾತ್ರಿಯೆಲ್ಲಾ ವಾದ ಮಾಡೋರು. ಇದು ನಮಗೆ ಹೊಸದೇನೂ ಅಲ್ಲ. ನಮ್ಮ ಜಿಲ್ಲೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ದುರ್ಯೋಧನನ ಬಾಯಲ್ಲಿ ವ್ಯಾಸರು ಬರೀದೇ ಇದ್ದ ಮಾತು ಎಷ್ಟು ಬರುತ್ತೆ, ಹಾರ್ಮೋನಿಯಂ ಮೇಷ್ಟ್ರು ತಮ್ಮದೇ ಕಂದಪದ್ಯ ಸೇರಿಸ್ತಾರೆ, ಯಾರೂ ಕೇಳಲ್ಲ. ವ್ಯತ್ಯಾಸ ಏನಂದ್ರೆ ನಮ್ಮ ನಾಟಕದ ಚಪ್ಪರ ಊರಿನ ಬಯಲಲ್ಲಿ ಇರುತ್ತೆ, ಆ ಬಯಲು ಊರಿನದು. ಇಂಟರ್ನೆಟ್‌ನಲ್ಲಿ ಚಪ್ಪರ ಹಾಕೋಕೆ ಬಯಲು ಒಂದು ಕಂಪನಿದು.

ಲೈವ್‌ಜರ್ನಲ್ ಅಂತ ಒಂದು ವೆಬ್‌ಸೈಟ್ ಇತ್ತು, ಈಗಲೂ ಇದೆ. 1999ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಅಮೆರಿಕದ ಹುಡುಗ ಸ್ನೇಹಿತರ ಜೊತೆ ಟಚ್‌ನಲ್ಲಿ ಇರೋಕೆ ಅಂತ ಶುರು ಮಾಡಿದ್ದು. ಡೈರಿ ಥರ ಬರೀಬಹುದು, ಸ್ನೇಹಿತರಿಗೆ ಮಾತ್ರ ಕಾಣೋ ಹಾಗೆ ಬೀಗ ಹಾಕಬಹುದು, ಒಂದು ಕಾಮೆಂಟ್ ಕೆಳಗೆ ಇನ್ನೊಂದು ಅಂತ ಮಾತು ಕವಲೊಡೆದು ಹೋಗ್ತಿತ್ತು, ಗುಂಪು ಕಟ್ಟಬಹುದಿತ್ತು. ಈ ಕತೆ ಬರೆಯೋರಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. 2002ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಅನ್ನೋ ಇನ್ನೊಂದು ದೊಡ್ಡ ಜಾಗದಲ್ಲಿ ವಯಸ್ಕರ ಕತೆಗಳು ಬೇಡ ಅಂತ ನಿಯಮ ತಂದಿದ್ರು, ಹಾಗಾಗಿ ಅಂಥ ಕತೆ ಬರೀತಿದ್ದವರಿಗೆ ಲೈವ್‌ಜರ್ನಲ್ ಇನ್ನಷ್ಟು ಬೇಕಾಯ್ತು. ಅದರ ಪ್ರೊಫೈಲ್‌ನಲ್ಲಿ ಆಸಕ್ತಿಗಳು ಅಂತ ಒಂದು ಪಟ್ಟಿ ಇರೋದು, ನೀವು ಒಂದು ಪದ ಹಾಕಿದ್ರೆ ಅದೇ ಪದ ಹಾಕಿದ ಬೇರೆಯವರೆಲ್ಲಾ ಸಿಗೋರು. ಈ ಪಟ್ಟಿ ನೆನಪಿಟ್ಕೊಳ್ಳಿ, ಮುಂದಿನ ಅನಾಹುತ ಎಲ್ಲಾ ಇದರಿಂದಲೇ.

2005ರಲ್ಲಿ ಸಿಕ್ಸ್ ಅಪಾರ್ಟ್ ಅನ್ನೋ ಕಂಪನಿ ಅದನ್ನ ಕೊಂಡ್ಕೊಳ್ತು. 2007ರ ಮೇ ಕೊನೇಲಿ ಸುಮಾರು 500 ಖಾತೆಗಳು ಒಂದೆರಡು ದಿನದಲ್ಲಿ ಬಂದ್ ಆದವು. ಲೈವ್‌ಜರ್ನಲ್‌ನಲ್ಲಿ ಬಂದ್ ಆದ ಖಾತೆ ಹೆಸರಿನ ಮೇಲೆ ಒಂದು ಅಡ್ಡಗೆರೆ ಬೀಳ್ತಿತ್ತು. ಜನ ಬೆಳಿಗ್ಗೆ ಎದ್ದು ನೋಡಿದ್ರೆ ಸ್ನೇಹಿತರ ಪಟ್ಟಿಯಲ್ಲಿ ಗೆರೆ ಗೆರೆ ಗೆರೆ. ಅದಕ್ಕೇ ಈ ಘಟನೆಗೆ ಸ್ಟ್ರೈಕ್‌ಥ್ರೂ ಅಂತಲೇ ಹೆಸರು ಬಿತ್ತು. ವಾರಿಯರ್ಸ್ ಫಾರ್ ಇನೊಸೆನ್ಸ್ ಅಂತ ಒಂದು ಗುಂಪು, ಇಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡೋರು ಸೇರ್ಕೊಂಡಿದ್ದಾರೆ, ತೆಗೀರಿ, ಇಲ್ಲಾಂದ್ರೆ ನಿಮಗೆ ಜಾಹೀರಾತು ಕೊಡೋರಿಗೆ ಹೇಳ್ತೀವಿ ಅಂತ ಕಂಪನಿ ಮೇಲೆ ಒತ್ತಡ ಹಾಕಿತ್ತು.

ಇಲ್ಲಿ ನಾನು ಒಂದು ಮಾತು ನೇರವಾಗಿ ಹೇಳ್ತೀನಿ, ಮಕ್ಕಳಿಗೆ ತೊಂದರೆ ಕೊಡೋರನ್ನ ತೆಗೀಲೇಬೇಕು, ಅದರಲ್ಲಿ ಎರಡು ಮಾತಿಲ್ಲ, ಯಾವ ಕಂಪನಿ ಆದ್ರೂ ಅಷ್ಟು ಮಾಡದಿದ್ರೆ ಅದು ಇರಲೇಬಾರದು. ತಪ್ಪಾಗಿದ್ದು ಹುಡುಕಿದ ರೀತೀಲಿ. ಕಂಪನಿ ನೋಡಿದ್ದು ಆ ಆಸಕ್ತಿ ಪಟ್ಟಿಯ ಪದಗಳನ್ನ, ಅಪರಾಧದ ಹೆಸರು ಆಸಕ್ತಿ ಅಂತ ಹಾಕಿದ್ರೆ ಆ ಅಪರಾಧಕ್ಕೆ ಬೆಂಬಲ ಅಂತಲೇ ಲೆಕ್ಕ. ಆದ್ರೆ ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿ ಒಬ್ಬರಿಗೊಬ್ಬರು ಧೈರ್ಯ ಹೇಳೋಕೆ ಸೇರಿದ್ದ ಗುಂಪಿನವರೂ ಅದೇ ಪದ ಹಾಕಿದ್ರು, ಇನ್ನೇನು ಹಾಕ್ತಾರೆ, ಅವರು ಒಬ್ಬರನ್ನೊಬ್ಬರು ಹುಡುಕೋಕೆ ಇದ್ದಿದ್ದೇ ಆ ಪಟ್ಟಿ. ಹುಡುಗಿಯೊಬ್ಬಳ ಮೇಲೆ ನಡೆಯೋ ದೌರ್ಜನ್ಯದ ಕತೆ ಇರೋ ನಬೋಕೋವ್‌ನ ಲೋಲಿತ ಕಾದಂಬರಿ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಚರ್ಚೆ ಮಾಡ್ತಿದ್ದ ಗುಂಪಿಗೂ ಗೆರೆ ಬಿತ್ತು. ಹ್ಯಾರಿ ಪಾಟರ್ ಕತೆ ಬರೆಯೋರ ಗುಂಪಿಗೂ ಬಿತ್ತು.

ನಮ್ಮಜ್ಜಿ ಮನೆ ಮಧುಗಿರಿ ಹತ್ರ. ರಾಗಿ ಒಕ್ಕಣೆ ಆದ್ಮೇಲೆ ಮೊದಲು ಜರಡಿ ಹಿಡಿಯೋರು, ಕಡ್ಡಿ, ದಪ್ಪ ಕಲ್ಲು ಎಲ್ಲಾ ಮೇಲೆ ನಿಲ್ಲೋದು. ಆದ್ರೆ ರಾಗಿ ಕಾಳಿನಷ್ಟೇ ಸಣ್ಣ ಮಣ್ಣಿನ ಹರಳು ಜರಡಿಗೆ ಸಿಗಲ್ಲ, ಜರಡಿಗೆ ಗೊತ್ತಿರೋದು ಗಾತ್ರ ಒಂದೇ. ಅದಕ್ಕೆ ಅಜ್ಜಿ ಮೊರ ತಗೊಂಡು ಬಾಗಿಲ ಬೆಳಕಿಗೆ ಕೂತು ಕೇರೋರು, ತುದಿ ಒಂಚೂರು ತಗ್ಗಿಸಿ, ಬೆರಳಲ್ಲಿ ತಟ್ಟಿ ತಟ್ಟಿ, ಹರಳು ಒಂದು ಮೂಲೆಗೆ ಬರೋವರೆಗೂ, ಒಂದು ಸೇರಿಗೆ ಎಷ್ಟು ಹೊತ್ತು ಹಿಡಿಯೋದು ಅಂದ್ರೆ ನಾವು ಮಕ್ಕಳು ಕಾದು ಕಾದು ನಿದ್ದೆ ಮಾಡ್ಬಿಡ್ತಿದ್ವಿ. ಪದ ನೋಡಿ ತೆಗೆಯೋದು ಜರಡಿ. ಬರೆದಿರೋದನ್ನ ಓದಿ, ಇದು ಯಾರು ಯಾರಿಗೆ ಯಾಕೆ ಹೇಳಿದ್ದು ಅಂತ ನೋಡಿ ತೆಗೆಯೋದು ಕೇರೋದು. ಲಕ್ಷಾಂತರ ಜನ ಬರೆಯೋ ಜಾಗದಲ್ಲಿ ಕೇರೋಕೆ ಆಳು ಬೇಕು, ಆ ಭಾಷೆ ಬಲ್ಲವರು ಬೇಕು, ದುಡ್ಡು ಬೇಕು, ಹಾಗಾಗಿ ಎಲ್ಲರೂ ಜರಡಿ ಹಿಡೀತಾರೆ. ನಮ್ಮ ಹುಡುಗಿ ಕತೆಗೂ ಹೀಗೇ ಆಗಿರಬಹುದು, ಬಾಲ್ಯವಿವಾಹ ಅನ್ನೋ ಪದ ಅದರ ವಿರುದ್ಧ ಬರೆದ ಕತೆಯಲ್ಲೂ ಇರುತ್ತೆ ಅನ್ನೋದು ಜರಡಿಗೆ ಹೇಗೆ ಗೊತ್ತಾಗಬೇಕು.

ಸಿಕ್ಸ್ ಅಪಾರ್ಟ್ ಮುಖ್ಯಸ್ಥ ಬರಾಕ್ ಬರ್ಕೋವಿಟ್ಜ್ ಒಂದೆರಡು ದಿನದಲ್ಲೇ ನಾವು ಎಡವಟ್ಟು ಮಾಡಿದ್ವಿ ಅಂತ ಒಪ್ಕೊಂಡು ಕ್ಷಮೆ ಕೇಳಿದ್ರು, ತುಂಬಾ ಖಾತೆಗಳು ವಾಪಸ್ ಬಂದವು. ಅಲ್ಲಿಗೆ ಮುಗೀಬಹುದಿತ್ತು. ಆದ್ರೆ ಆಗಸ್ಟ್‌ನಲ್ಲಿ ಮತ್ತೆ ಶುರು, ಹ್ಯಾರಿ ಪಾಟರ್ ಚಿತ್ರ ಬಿಡಿಸ್ತಿದ್ದ ಇಬ್ಬರ ಖಾತೆ ಶಾಶ್ವತವಾಗಿ ಬಂದ್, ಈ ಸಲ ಹೆಸರು ದಪ್ಪಕ್ಷರದಲ್ಲಿ ಕಾಣ್ತಿತ್ತು ಅಂತ ಜನ ಅದಕ್ಕೆ ಬೋಲ್ಡ್‌ಥ್ರೂ ಅಂದ್ರು. ಡಿಸೆಂಬರ್‌ನಲ್ಲಿ ಕಂಪನಿ ಲೈವ್‌ಜರ್ನಲ್ ಅನ್ನ ಸಪ್ ಅನ್ನೋ ರಷ್ಯಾದ ಸಂಸ್ಥೆಗೆ ಮಾರಿಬಿಡ್ತು. ಒಂದೇ ವರ್ಷದಲ್ಲಿ ಇಷ್ಟು. ಬಳಸೋರಿಗೆ ಅರ್ಥವಾಗಿದ್ದು ಏನಂದ್ರೆ ಇವತ್ತು ಕ್ಷಮೆ ಕೇಳಿದ ಮಾಲೀಕ ನಾಳೆ ಇರ್ತಾನೆ ಅನ್ನೋ ಗ್ಯಾರಂಟಿ ಇಲ್ಲ.

ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತ ನಮ್ಮ ಹುಡುಗಿಯೂ ಕೇಳಿದ್ಲು. ಹೋದ್ರೂ ಪ್ರಯೋಜನ ಇರಲಿಲ್ಲ. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯದ ಹಕ್ಕು ಇರೋದು ಸರ್ಕಾರದ ಎದುರಿಗೆ, ಖಾಸಗಿ ಕಂಪನಿ ಎದುರಿಗಲ್ಲ. 1996ರ ಒಂದು ಕಾನೂನಿನ 230ನೇ ಸೆಕ್ಷನ್ ಪ್ರಕಾರ ಬಳಕೆದಾರರು ಬರೆದಿದ್ದಕ್ಕೆ ಕಂಪನಿ ಸಾಮಾನ್ಯವಾಗಿ ಹೊಣೆ ಅಲ್ಲ, ಹಾಗೇ ಒಳ್ಳೇ ಉದ್ದೇಶದಿಂದ ಏನಾದ್ರೂ ತೆಗೆದು ಹಾಕಿದ್ರೂ ಹೊಣೆ ಅಲ್ಲ. ಇಟ್ಕೊಂಡ್ರೂ ಸರಿ, ತೆಗೆದ್ರೂ ಸರಿ ಅಂದ್ಮೇಲೆ ಕಾನೂನಿಗಿಂತ ದುಡ್ಡಿನ ಮಾತೇ ನಡೆಯೋದು. ದುಡ್ಡು ಯಾರು ಕೊಡ್ತಾರೆ ನೋಡಿ, ಜಾಹೀರಾತಿನವರು, ಪೇಮೆಂಟ್ ನಡೆಸೋ ಕಾರ್ಡ್ ಕಂಪನಿಗಳು, ಈಗ ಆ್ಯಪ್ ಇಡೋ ಅಂಗಡಿಯವರು. ಪುಕ್ಕಟೆ ಬರೆಯೋರು ಆ ಸಾಲಲ್ಲಿ ಕೊನೇಲಿ ನಿಂತಿರ್ತಾರೆ.

ಈಗ ಈ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರ್ತೀನಿ. ಅದೇ 2007ರಲ್ಲಿ ಫ್ಯಾನ್‌ಲಿಬ್ ಅಂತ ಒಂದು ಕಂಪನಿ ಫ್ಯಾನ್‌ಗಳ ಕತೆಗಳನ್ನ ಒಂದು ಕಡೆ ಸೇರಿಸಿ ಅದರಿಂದ ಲಾಭ ಮಾಡೋಕೆ ಹೊರಟಿತ್ತು. ಅದನ್ನ ನೋಡಿ, ಸ್ಟ್ರೈಕ್‌ಥ್ರೂಗೆ ಬರೀ ಎರಡು ವಾರ ಮುಂಚೆ, ಈ ಗುಂಪಿನ ಒಬ್ಬರು ನಮಗೆ ನಮ್ಮದೇ ಒಂದು ಭಂಡಾರ ಬೇಕು, ಜಾಹೀರಾತು ಇರಬಾರದು, ಲಾಭ ಇರಬಾರದು, ನಾವೇ ನಡೆಸಬೇಕು ಅಂತ ಬರೆದಿದ್ರು. ಎರಡು ವಾರ ಆದ್ಮೇಲೆ ಗೆರೆ ಬಿದ್ದಾಗ ಆ ಮಾತು ಎಲ್ಲರ ತಲೇಲೂ ಕೂತ್ಕೊಳ್ತು. ಸರ್ವರ್, ಅಂದ್ರೆ ಬರಹ ಇಡೋ ಕಂಪ್ಯೂಟರ್, ನಮ್ಮದಾಗಿರಬೇಕು ಅನ್ನೋದು ಘೋಷಣೆ ಥರ ಆಯ್ತು. ಅದೇ ವರ್ಷ ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಅನ್ನೋ ಲಾಭ ನೋಡದ ಸಂಸ್ಥೆ ಹುಟ್ಟಿತು, ಕಾದಂಬರಿಕಾರ್ತಿ ನವೋಮಿ ನೋವಿಕ್, ಕಾನೂನು ಪ್ರೊಫೆಸರ್ ರೆಬೆಕಾ ಟಶ್ನೆಟ್ ಎಲ್ಲಾ ಅದರಲ್ಲಿದ್ರು. ಕೋಡ್ ಬರೆದಿದ್ದು ವಾಲಂಟಿಯರ್‌ಗಳು, ಎಷ್ಟೋ ಜನ ಇದಕ್ಕೋಸ್ಕರವೇ ಕೋಡಿಂಗ್ ಕಲಿತ ಹೆಣ್ಣುಮಕ್ಕಳು. 2009ರ ನವೆಂಬರ್‌ನಲ್ಲಿ ಆರ್ಕೈವ್ ಆಫ್ ಅವರ್ ಓನ್ ಎಲ್ಲರಿಗೂ ತೆರೀತು, ಜನ ಎಓ3 ಅಂತಾರೆ. ಈಗ ಅಲ್ಲಿ ಒಂದು ಕೋಟಿಗೂ ಹೆಚ್ಚು ಕೃತಿಗಳಿವೆ, ಖರ್ಚು ನಡೆಯೋದು ಓದುಗರ ದೇಣಿಗೆಯಿಂದ. 2019ರಲ್ಲಿ ಸೈನ್ಸ್ ಫಿಕ್ಷನ್ ಲೋಕದ ದೊಡ್ಡ ಪ್ರಶಸ್ತಿ ಹ್ಯೂಗೋ ಕೂಡ ಅದಕ್ಕೆ ಬಂತು.

ಅವರು ನಿಯಮನೇ ಇಲ್ಲ ಅಂತ ಬಿಡಲಿಲ್ಲ, ನಿಯಮದ ಜಾಗ ಬದಲಾಯಿಸಿದ್ರು. ಕತೆ ತೆಗೆಯೋದರ ಬದಲು ಕತೆ ಮೇಲೆ ಚೀಟಿ ಅಂಟಿಸೋದು. ಹಿಂಸೆ ಇದೆ, ಮುಖ್ಯ ಪಾತ್ರ ಸಾಯುತ್ತೆ, ಅತ್ಯಾಚಾರದ ವಿಷಯ ಇದೆ, ಅಪ್ರಾಪ್ತರ ವಿಷಯ ಇದೆ ಅಂತ ಬರೆದವರೇ ಹಾಕಬೇಕು, ಇಲ್ಲಾ ನಾನು ಎಚ್ಚರಿಕೆ ಹಾಕಲ್ಲ ಅಂತಾದ್ರೂ ಹೇಳಬೇಕು. ಓದೋರು ಚೀಟಿ ನೋಡಿ ಒಳಗೆ ಹೋಗ್ತಾರೆ ಅಥವಾ ಬಿಡ್ತಾರೆ. ಜನ ಮನಸ್ಸಿಗೆ ಬಂದ ಹಾಗೆ ಹಾಕೋ ಟ್ಯಾಗ್‌ಗಳನ್ನ ಒಂದಕ್ಕೊಂದು ಹೊಂದಿಸೋಕೆ ನೂರಾರು ವಾಲಂಟಿಯರ್‌ಗಳು ಕೂತು ಕೆಲಸ ಮಾಡ್ತಾರೆ. ಮೊರ ಹಿಡಿದು ಕೇರೋದು ಅಂದೆನಲ್ಲ, ಅದಕ್ಕೆ ಹತ್ತಿರದ್ದು ಇದೇ. ಹಾಗಂತ ಅಲ್ಲಿ ಜಗಳ ಇಲ್ಲ ಅಂತಲ್ಲ. ಜನಾಂಗೀಯ ದ್ವೇಷದ ಕತೆಗಳನ್ನೂ ಹಾಗೇ ಬಿಟ್ಟಿದ್ದೀರಲ್ಲ ಅಂತ ಕಪ್ಪು ಓದುಗರು, ಏಷ್ಯಾದ ಓದುಗರು ವರ್ಷಾನುಗಟ್ಟಲೆ ಕೇಳ್ತಾ ಬಂದಿದ್ದಾರೆ, ಅವರ ನೋವು ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ವ್ಯತ್ಯಾಸ ಇಷ್ಟೇ, ಅಲ್ಲಿ ಆಡಳಿತ ಮಂಡಳಿಗೆ ಚುನಾವಣೆ ಇದೆ, ದೇಣಿಗೆ ಕೊಟ್ಟು ಸದಸ್ಯರಾದವರು ಓಟು ಹಾಕ್ತಾರೆ, ಕೇಳೋಕೆ ಒಂದು ಬಾಗಿಲಿದೆ.

ಇನ್ನೊಂದು ದಾರೀನೂ ಇತ್ತು. ಲೈವ್‌ಜರ್ನಲ್‌ನಲ್ಲೇ ಕೆಲಸ ಮಾಡಿದ್ದ ಇಬ್ಬರು, ಡೆನೀಸ್ ಪಾವೊಲುಚ್ಚಿ ಮತ್ತೆ ಮಾರ್ಕ್ ಸ್ಮಿತ್, ಅದರ ಕೋಡ್ ಎಲ್ಲರಿಗೂ ಮುಕ್ತವಾಗಿತ್ತಲ್ಲ, ಅದನ್ನೇ ತಗೊಂಡು 2009ರಲ್ಲಿ ಡ್ರೀಮ್‌ವಿಡ್ತ್ ಶುರು ಮಾಡಿದ್ರು, ಜಾಹೀರಾತು ಇಲ್ಲ, ಹಳೇ ಬರಹವನ್ನ ಕಾಮೆಂಟ್ ಸಮೇತ ಎತ್ಕೊಂಡು ಬರೋ ಸೌಲಭ್ಯ ಕೊಟ್ರು. ಕಾಮೆಂಟ್ ಸಮೇತ ಅನ್ನೋದನ್ನ ಹೇಳಿದಾಗ ನಮ್ಮ ಹುಡುಗಿ ಮುಖ ಎತ್ತಿ ನೋಡಿದ್ಲು.

ಇಷ್ಟೆಲ್ಲಾ ಆದ್ರೂ ಎಲ್ಲರೂ ಒಟ್ಟಿಗೆ ಯಾಕೆ ಹೋಗಲಿಲ್ಲ? ಸಂತೆ ನೋಡಿದ್ದೀರಲ್ಲ. ಸಂತೆ ಮೈದಾನ ಬದಲಾಯಿಸ್ತೀವಿ ಅಂದ್ರೆ ಸೊಪ್ಪಿನವಳು ಗಿರಾಕಿ ಬರ್ತಾರಾ ಅಂತ ನೋಡ್ತಾಳೆ, ಗಿರಾಕಿ ಸೊಪ್ಪಿನವಳು ಬರ್ತಾಳಾ ಅಂತ ನೋಡ್ತಾನೆ, ಮೊದಲು ಹೋದವರಿಗೆ ನಷ್ಟ. ಹಾಗಾಗಿ ಒಂದೇ ದಿನ ಯಾರೂ ಎದ್ದು ಹೋಗಲ್ಲ, ಗೆರೆ ಬಿದ್ದಾಗಲೆಲ್ಲಾ ಒಂದಷ್ಟು ಜನ, ಮಾಲೀಕ ಬದಲಾದಾಗ ಇನ್ನೊಂದಷ್ಟು ಜನ. ಹೋದವರೂ ಒಂದೇ ಕಡೆ ಹೋಗಲ್ಲ, ಕತೆ ಎಓ3ಗೆ, ಡೈರಿ ಡ್ರೀಮ್‌ವಿಡ್ತ್‌ಗೆ, ಚಿತ್ರ ಹರಟೆ ಟಂಬ್ಲರ್ ಅನ್ನೋ ಬ್ಲಾಗ್ ಜಾಗಕ್ಕೆ. ಲೈವ್‌ಜರ್ನಲ್‌ನಲ್ಲಿ ಕತೆ, ಅದರ ಕೆಳಗಿನ ವಾದ, ವಾದ ಮಾಡಿದವಳ ಮನೆ ಕಷ್ಟಸುಖ, ಎಲ್ಲಾ ಒಂದೇ ಹಟ್ಟೀಲಿ ಇತ್ತು, ಆಮೇಲೆ ಅದು ಹಾಗೆ ಮತ್ತೆ ಕೂಡಲೇ ಇಲ್ಲ. ಹಳೇ ಲಿಂಕ್‌ಗಳು ಸತ್ತವು, ಕತೆ ಉಳಿದ್ರೂ ಅದನ್ನ ಯಾರಿಗೋಸ್ಕರ ಬರೆದ್ರು ಅನ್ನೋ ಗುರುತು ಅಳಿಸಿಹೋಯ್ತು.

2016ರ ಕೊನೇಲಿ ಲೈವ್‌ಜರ್ನಲ್ ಸರ್ವರ್‌ಗಳೇ ರಷ್ಯಾಕ್ಕೆ ಹೋದವು, 2017ರ ಏಪ್ರಿಲ್‌ನಲ್ಲಿ ರಷ್ಯಾದ ಕಾನೂನಿಗೆ ಒಪ್ಪೋ ಹೊಸ ಷರತ್ತು ಬಂತು, ರಷ್ಯನ್ ಭಾಷೆಯಲ್ಲಿರೋದೇ ಅಧಿಕೃತ, ಇಂಗ್ಲಿಷ್ ಅನುವಾದ ಬರೀ ಮಾಹಿತಿಗೆ. ಆ ಕಾನೂನು ಒಪ್ಪದ ಸಲಿಂಗ ಪ್ರೀತಿಯ ಕತೆಗಳನ್ನ ಬರೀತಿದ್ದವರು ಅಲ್ಲಿ ಉಳಿಯೋದು ಹೇಗೆ, ಉಳಿದಿದ್ದವರಲ್ಲಿ ಮತ್ತೆ ಒಂದು ದೊಡ್ಡ ಪಾಲು ಹೊರಟುಹೋಯ್ತು.

ಟಂಬ್ಲರ್‌ಗೆ ಹೋದವರಿಗಾದ್ರೂ ನೆಮ್ಮದಿ ಸಿಕ್ತಾ ಅಂದ್ರೆ ಅದೂ ಇಲ್ಲ. 2013ರಲ್ಲಿ ಯಾಹೂ ಅದನ್ನ 110 ಕೋಟಿ ಡಾಲರ್‌ಗೆ ಕೊಂಡ್ಕೊಂಡಿತ್ತು, ಆಮೇಲೆ ಯಾಹೂವನ್ನೇ ವೆರೈಝನ್ ಅನ್ನೋ ಫೋನ್ ಕಂಪನಿ ಕೊಂಡ್ಕೊಳ್ತು. 2018ರ ನವೆಂಬರ್‌ನಲ್ಲಿ ಮಕ್ಕಳ ದೌರ್ಜನ್ಯದ ಚಿತ್ರಗಳು ಸಿಕ್ಕಿದ್ದಕ್ಕೆ ಆಪಲ್‌ನ ಆ್ಯಪ್ ಸ್ಟೋರ್‌ನಿಂದ ಟಂಬ್ಲರ್ ಹೊರಬಿತ್ತು. ಡಿಸೆಂಬರ್ 3ಕ್ಕೆ ಕಂಪನಿ ಹೇಳಿದ್ದು ಡಿಸೆಂಬರ್ 17ರಿಂದ ವಯಸ್ಕರ ಚಿತ್ರ, ವಿಡಿಯೋ ಯಾವುದೂ ಬೇಡ ಅಂತ. ಮತ್ತೆ ಕಾರಣ ಸರಿಯಾದದ್ದೇ, ಮತ್ತೆ ಜರಡಿ, ಈ ಸಲ ಚಿತ್ರ ನೋಡೋ ಮಷೀನು. ಮೈತುಂಬಾ ಬಟ್ಟೆ ಹಾಕಿದವರ ಫೋಟೋಗೂ ಕೆಂಪು ಪಟ್ಟಿ, ಬಿಡಿಸಿದ ಚಿತ್ರಗಳಿಗೂ ಕೆಂಪು ಪಟ್ಟಿ. ಸಿಕ್ಕಿಬಿದ್ದ ಪೋಸ್ಟ್ ಅಳಿಸಿಹೋಗ್ತಿರಲಿಲ್ಲ, ಹಾಕಿದವರಿಗೆ ಮಾತ್ರ ಕಾಣೋದು, ಬೇರೆ ಯಾರಿಗೂ ಇಲ್ಲ. ಆ ಡಿಸೆಂಬರ್‌ನಲ್ಲಿ 52.1 ಕೋಟಿ ಇದ್ದ ಭೇಟಿಗಳು ಫೆಬ್ರವರಿಗೆ ಸುಮಾರು 37 ಕೋಟಿಗೆ ಇಳಿದವು ಅಂತ ಆಗ ವರದಿಯಾಗಿತ್ತು. 2019ರಲ್ಲಿ ವರ್ಡ್‌ಪ್ರೆಸ್ ಅನ್ನೋ ಬ್ಲಾಗ್ ಜಾಗ ನಡೆಸೋ ಆಟೊಮ್ಯಾಟಿಕ್ ಕಂಪನಿ ಅದನ್ನ ಕೊಂಡಿದ್ದು ವರದಿಗಳ ಪ್ರಕಾರ 30 ಲಕ್ಷ ಡಾಲರ್‌ಗೂ ಕಮ್ಮಿಗೆ. 2022ರಲ್ಲಿ ನಿಯಮ ಸ್ವಲ್ಪ ಸಡಿಲ ಮಾಡಿದ್ರು, ಆದ್ರೆ ಹೋದವರು ಎಲ್ಲಾ ವಾಪಸ್ ಬರಲಿಲ್ಲ.

ನಮ್ಮ ದೇಶದಲ್ಲಿ ಏನಿದೆ ಅಂತಲೂ ಹೇಳ್ಬೇಕು, ಯಾಕಂದ್ರೆ ನಮ್ಮ ಹುಡುಗಿಗೆ ಬೇಕಾಗಿದ್ದು ಅದು. 2000ದ ಐಟಿ ಕಾಯ್ದೆಯ 79ನೇ ಸೆಕ್ಷನ್ ಕಂಪನಿಗಳಿಗೆ, ಬಳಕೆದಾರರು ಬರೆದಿದ್ದಕ್ಕೆ ಹೊಣೆ ಅಲ್ಲ ಅನ್ನೋ ರಕ್ಷಣೆ ಕೊಡುತ್ತೆ, ಆದ್ರೆ ಅದಕ್ಕೆ ಷರತ್ತುಗಳಿವೆ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನ ಇಡಬೇಕು, ಅವರ ಹೆಸರು, ಸಂಪರ್ಕ ಎಲ್ಲರಿಗೂ ಕಾಣೋ ಹಾಗೆ ಹಾಕಿರಬೇಕು, ದೂರು ಕೊಟ್ರೆ 24 ಗಂಟೆ ಒಳಗೆ ತಲುಪಿದೆ ಅಂತ ಹೇಳಬೇಕು. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರೋ ದೊಡ್ಡ ಕಂಪನಿಗಳು ತಾವಾಗೇ ಏನಾದ್ರೂ ತೆಗೆದ್ರೆ ಹಾಕಿದವರಿಗೆ ಕಾರಣ ತಿಳಿಸಬೇಕು, ತಕರಾರು ಹೇಳೋಕೆ ಅವಕಾಶ ಕೊಡಬೇಕು. ಅಧಿಕಾರಿ ಉತ್ತರ ಸರಿ ಅನ್ನಿಸದಿದ್ರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಇದೆಲ್ಲಾ ಆ್ಯಪ್‌ನ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ, ನಾವಿಬ್ಬರೂ ಹುಡುಕೋಕೆ ಇಪ್ಪತ್ತು ನಿಮಿಷ ಹಿಡೀತು.

ದೂರು ಬರೆದಳು. ಕತೆ ಯಾವುದರ ಬಗ್ಗೆ, ಬಾಲ್ಯವಿವಾಹ ಅನ್ನೋ ಪದ ಯಾಕೆ ಬಂತು, ಹುಡುಗಿ ಕೊನೆಗೆ ಏನು ಮಾಡ್ತಾಳೆ, ಎಲ್ಲಾ ಕನ್ನಡದಲ್ಲೇ ಒಂದು ಪುಟ. ಮಾರನೇ ದಿನ ಒಂದು ದೂರಿನ ನಂಬರ್ ಬಂದಿದೆ, ಅಷ್ಟೇ ಸದ್ಯಕ್ಕೆ. ಅಂಗಡಿಯಿಂದ ಒಂದು ಲಾಂಗ್ ಬುಕ್ ತಂದು ಮೊದಲನೇ ಅಧ್ಯಾಯದಿಂದ ನೆನಪಿದ್ದಷ್ಟು ಮತ್ತೆ ಬರೀತಿದ್ದಾಳೆ, ಬರೆದಿದ್ದನ್ನ ಫೋನ್‌ನಲ್ಲಿ ಬೇರೆ ಫೈಲ್ ಮಾಡಿ ಇಟ್ಟು ಆಮೇಲೆ ಇನ್ನೊಂದು ಕಡೆ ಹಾಕ್ತಾಳೆ. ಹಾಕೋವಾಗ ಹೆಸರು ಬದಲಾಯಿಸ್ತೀಯಾ ಅಂತ ಕೇಳಿದೆ. "ಬೇಡ ಚಿಕ್ಕಮ್ಮ, ಅದೇ ಹೆಸರು, ಮೊದಲನೇ ಸಾಲೂ ಅದೇ ಇರ್ಲಿ, ಅವರು ಹುಡುಕಿದ್ರೆ ಸಿಗ್ಬೇಕಲ್ಲ" ಅಂದ್ಲು. ಆರು ಅಧ್ಯಾಯ ಆಗಿದೆ. ಗುಬ್ಬಿ ಟೀಚರ್ ಇನ್ನೂ ಬಂದಿಲ್ಲ.